ತೊಳೆದ ತಂತಿ

ಮಾರ್ಚ್ ೧೧, ಬುಧವಾರ

ಕರೆಂಟ್ ಹರಿಯಲಿಲ್ಲ. ಬೆಳಗಿನಿಂದ ತಲೆಯಲ್ಲಿ ಇದೊಂದೇ.

ಹೋದ ತಿಂಗಳು ನನ್ನ ತಂತಿಯನ್ನು, ಕಣ್ಣಿಗೆ ಕಾಣದ ಆ ಒಂದೇ ಒಂದು ಅಣುವನ್ನು, ಎರಡು ಚಿನ್ನದ ತುದಿಗಳ ನಡುವೆ ಕೂರಿಸಿದಾಗ ಲ್ಯಾಬಿನಲ್ಲಿ ಅಳತೆ ಮಾಡುವ ಹುಡುಗಿ, "ಅಕ್ಕಾ, ಬಂತು!" ಎಂದು ಕಿರುಚಿದ್ದಳು. ನನ್ನ ಪಿಎಚ್‌ಡಿ ಗೈಡ್ ಬೆನ್ನು ತಟ್ಟಿದ್ದರು. ನಾನು ಸುಮ್ಮನಿರಲಾರದೆ ಮೈಮೇಲೆ ಇರುವೆ ಬಿಟ್ಟುಕೊಂಡೆ. ಅಣುವಿನ ತುಂಡುಗಳನ್ನು ಜೋಡಿಸಲು ಹಾಕಿದ್ದ ಪಲ್ಲಾಡಿಯಂ ಲೋಹ ನಾನು ತಯಾರಿಸಿದ ಅಣುವಿನ ಪುಡಿಯಲ್ಲಿ ಚೂರು ಉಳಿದಿತ್ತು. ಅದು ಪೂರ್ತಿ ಹೋಗುವವರೆಗೂ ತೊಳೆದೆ, ಸೋಸಿದೆ. ಎಂಥ ಚಂದದ ಹಳದಿ ಬಂತು! ಇವತ್ತು ಅದನ್ನಿಟ್ಟು ಎಷ್ಟು ಸಲ ಅಳೆದರೂ ಸೊನ್ನೆ.

ಅಂದರೆ ಅವತ್ತು ಕರೆಂಟ್ ಹರಿದದ್ದು ಆ ಪಲ್ಲಾಡಿಯಂ ಕೊಳೆಯಲ್ಲಿ. ನಾನು ಕಟ್ಟಿದ್ದು ತಂತಿಯೇ ಅಲ್ಲ. ಇಷ್ಟು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಗೈಡ್ ಬಾಗಿಲು ಮುಂದೆ ಮಾಡಿ, "ತೊಳೆಯದ ಹಳೇ ಸ್ಯಾಂಪಲ್ ಇನ್ನೂ ಇದೆಯಲ್ಲಮ್ಮ? ಪೇಪರಿಗೆ ಅದನ್ನೇ ಅಳೆಸು. ಇನ್ನು ಇಷ್ಟೊಂದು ತೊಳೀಬೇಡ," ಎಂದರು. ನಾನು ಅವರ ಮೇಜಿನ ಕಾಲು ನೋಡುತ್ತ ನಿಂತಿದ್ದೆ.

ಮೈಗೆಲ್ಲ ಲ್ಯಾಬಿನ ಗಂಧಕದ ನಾತ. ಬಸ್ಸಿನಲ್ಲಿ ಪಕ್ಕದ ಸೀಟಿಗೆ ಯಾರೂ ಬರಲಿಲ್ಲ. ಒಳ್ಳೆಯದೇ ಆಯಿತು, ಅಳುವುದಕ್ಕೆ.

ಮಲಗುವ ಹೊತ್ತಿಗೆ ಅಮ್ಮನ ಫೋನ್. ಮಗಳು ಬೀದಿಯಲ್ಲಿ ತಂತಿ ಎಳೆಯುತ್ತಾಳೆ ಎಂದೇ ಅವಳ ನಂಬಿಕೆ.

"ಕರೆಂಟ್ ಬಂತೇನೇ?"

"ಬಂತಮ್ಮ."

ನಾಲಿಗೆ ಒಂಚೂರೂ ತಡವರಿಸಲಿಲ್ಲ. ಅದಕ್ಕೇ ನಿದ್ದೆ ಹತ್ತುತ್ತಿಲ್ಲ. ಅಮ್ಮನಿಗೇ ಇಷ್ಟು ಸಲೀಸಾಗಿ ಹೇಳಿದವಳು ನಾಳೆ ಆ ಹುಡುಗಿಯ ಕೈಗೆ ಹಳೇ ಸ್ಯಾಂಪಲ್ಲಿನ ಬಾಟಲಿ ಕೊಡುವಾಗ ತಡವರಿಸುತ್ತೇನೆಯೇ?