ಬೆಂಡು ಕಟ್ಟಿದ ಸೀಟಿ

ಮನೆಯಿಂದ, ಮಹಡಿ ಮೆಟ್ಟಿಲ ಮೇಲೆ ಕುಳಿತು
ಮೇ ೧೨, ಭಾನುವಾರ ಬೆಳಗ್ಗೆ

ಪೂಜ್ಯರೂ ಮಹಾ ಹಠಮಾರಿಗಳೂ ಆದ ಅಜ್ಜಾ,

ನಿಮ್ಮ ಪಾದಗಳಿಗೆ ದೂರದಿಂದಲೇ ನಮಸ್ಕಾರ. ಹತ್ತಿರ ಬಂದು ಮಾಡೋಣವೆಂದರೆ ಪಾದಗಳು ಅತ್ತೆಯ ಮನೆಯಲ್ಲಿ ಠಿಕಾಣಿ ಹೂಡಿವೆ. ಆರೋಗ್ಯ ಹೇಗಿದೆ? ಕೆಮ್ಮು ಕಡಿಮೆಯಾಯಿತೇ? ಮೆಟ್ಟಿಲ ನಡುವೆ ನಿಂತು, ಚೆನ್ನಾಗಿಯೇ ಇರುವ ಚಪ್ಪಲಿಯನ್ನು ಬಹಳ ಹೊತ್ತು ಸರಿಮಾಡಿಕೊಳ್ಳುವ ನಿಮ್ಮ ಅಭ್ಯಾಸ ಅಲ್ಲಿಯೂ ಮುಂದುವರಿದಿದೆಯೇ? ಅತ್ತೆಗೆ ಹೊಸ ಚಪ್ಪಲಿ ಕೊಡಿಸಲು ಹೇಳಿ. ನಾನು ಬರೆದ ಹಿಂದಿನ ಪತ್ರಕ್ಕೆ ನೀವು ಉತ್ತರಿಸಿಲ್ಲ. ಅದರಲ್ಲಿ ಒಂದೂ ತಮಾಷೆ ಇರಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು. ಅಷ್ಟು ಸಭ್ಯವಾಗಿ ಬರೆಯುವಷ್ಟರಲ್ಲಿ ನನಗೆ ಜ್ವರ ಬರುವುದೊಂದು ಬಾಕಿಯಿತ್ತು.

ಮುಂದಿನ ಇತಿಹಾಸಕಾರರ ಅನುಕೂಲಕ್ಕಾಗಿ ಘಟನೆಯನ್ನು ಮತ್ತೊಮ್ಮೆ ದಾಖಲಿಸುತ್ತೇನೆ. ಕೆರೆಯಲ್ಲಿ ಈಜುವ ಮಕ್ಕಳನ್ನು ಸಿಮೆಂಟು ಕಟ್ಟೆಯ ಮೇಲಿಂದ ಒಂದು ಹಿತ್ತಾಳೆ ಸೀಟಿಯಿಂದಲೇ ಅಂಕೆಯಲ್ಲಿಟ್ಟವರು ನೀವು. ಆ ದಿನ ಸೈಕಲ್ ಅಂಗಡಿಯವರ ಮಗಳು ಎಲ್ಲೆಗೆ ಕಟ್ಟಿದ್ದ ಹಗ್ಗ ದಾಟಿ ಆಳಕ್ಕೆ ಹೋದಳು. ಸೀಟಿ ಕೇಳಿಸಲಿಲ್ಲ. ಬೇಕರಿಯವನು ಏಪ್ರನ್ ಸಮೇತ ಹಾರಿ ಅವಳನ್ನು ಎಳೆದು ತಂದ. ಅವಳು ನೀರು ಕಕ್ಕಿ, ಅತ್ತು, ಅವನ ಕೈಯಿಂದಲೇ ಬನ್ನು ತಿಂದು ಮನೆಗೆ ಹೋದಳು. ನೀವು ಮಾತ್ರ "ಸೀಟಿ ನೀರಿಗೆ ಬಿತ್ತು, ಅದಕ್ಕೇ ಊದಕ್ಕಾಗ್ಲಿಲ್ಲ. ಅದು ಸಿಗೋ ತನಕ ಕೆರೆ ಕಡೆ ತಲೆ ಹಾಕಲ್ಲ" ಎಂದು ಚೀಲ ಕಟ್ಟಿದಿರಿ. "ಮುಳುಗಬಾರ್ದು ಅಂತ ಬೆಂಡು ಕಟ್ಟಿದ್ದ ಸೀಟಿ ಅದ್ಹೇಗೆ ಮುಳುಗ್ತು?" ಎಂದು ಅಮ್ಮ ಕೇಳಿದ್ದಕ್ಕೆ ಅಪ್ಪ "ದಾರ ಕಿತ್ತಿರತ್ತೆ ಬಿಡೇ" ಎಂದು ತೀರ್ಪು ಕೊಟ್ಟರು. ಆವತ್ತಿನಿಂದ ಕೆರೆಗೆ ಕಾವಲಿಲ್ಲ, ಮಕ್ಕಳಿಗೆ ಈಜಿಲ್ಲ. ಸೀಟಿ ಸಿಕ್ಕರೆ ನೀವು ಬರುತ್ತೀರಿ ಎಂಬ ಒಂದೇ ಲೆಕ್ಕಾಚಾರದ ಮೇಲೆ ನಾನು ವಿಜ್ಞಾನಿಯಾದೆ.

ರೇಡಿಯೊ ರಿಪೇರಿ ಮಾಮನ ಅಟ್ಟದಲ್ಲಿ, ನೆಲದಡಿಯ ಪೈಪು ಹುಡುಕುವ ಒಂದು ಹಳೇ ಡಿಟೆಕ್ಟರ್ ಇತ್ತು. ಉದ್ದ ಕೋಲು, ತುದಿಯಲ್ಲಿ ತಂತಿಯ ಸುರುಳಿ, ಹಿಡಿಯ ಹತ್ತಿರ ಕಿರುಚುವ ಡಬ್ಬಿ. ಅದಕ್ಕೆ ನೀರು ಕಂಡರಾಗದು. ಮೊದಲ ದಿನವೇ ಸುರುಳಿಗೆ ನೀರು ನುಗ್ಗಿ, ಹೊಟ್ಟೆನೋವು ಬಂದವರಂತೆ ನರಳಿ ಸುಮ್ಮನಾಯಿತು. ಮಾಮ ಒಣಗಿಸಿ ಜೀವ ಕೊಟ್ಟ. ನಾನು ಡಬ್ಬಿಯನ್ನು ಕತ್ತಿಗೆ ನೇತುಹಾಕಿಕೊಂಡೆ. ಸುರುಳಿಯನ್ನು ಎರಡು ಪ್ಲಾಸ್ಟಿಕ್ ತಟ್ಟೆಗಳ ನಡುವೆ ಇಟ್ಟು ಅಂಚಿಗೆ ಮೇಣ ಮೆತ್ತಿ, ನೀವು ಕಲಿಸಿದ ಗಂಟಿನಿಂದ ಬಿಗಿದೆ. ಅದೇ, ಎರಡು ಸುತ್ತು ಸುತ್ತಿ ತುದಿಯನ್ನು ಹಿಂದಿನಿಂದ ತೂರಿಸುವುದು, ನಮ್ಮಿಬ್ಬರಿಗೆ ಬಿಟ್ಟು ಬೇರೆ ಯಾರಿಗೂ ಬಾರದ್ದು. ಇಡೀ ಯಂತ್ರದಲ್ಲಿ ಇವತ್ತಿನವರೆಗೆ ಕೈಕೊಡದ ಭಾಗ ಅದೊಂದೇ.

ಒಳಗೆ ನೀರು ಹೋಗಲಿಲ್ಲ, ನಿಜ. ಆದರೆ ಒಳಗಿನ ಗಾಳಿಯೂ ಹೊರಗೆ ಹೋಗಲಿಲ್ಲ. ತಟ್ಟೆ ಮುಳುಗಲೊಲ್ಲದು! ಕೆಳಗೆ ಒತ್ತಿದರೆ ಪಕ್ಕಕ್ಕೆ ಜಾರಿ ಮೇಲೆದ್ದು ಬಾತುಕೋಳಿಗಳ ಜೊತೆ ತೇಲುತ್ತದೆ. ಆಗ ಅಪ್ಪ ಬಹಳ ಗಂಭೀರವಾಗಿ, "ಭಾರ ತುಂಬಬೇಕು ಕಣೇ, ಇಷ್ಟೂ ಗೊತ್ತಾಗಲ್ವಾ?" ಎಂದು ಒಳಗೆ ಒಂದು ಹಿಡಿ ನಟ್ಟು ಬೋಲ್ಟು ಸುರಿದರು. ಲೋಹ ಹುಡುಕುವ ಯಂತ್ರದ ಹೊಟ್ಟೆಯೊಳಗೆ ಲೋಹ! ಅದು ಹಗಲಿಡೀ ತನ್ನನ್ನು ತಾನೇ ಪತ್ತೆ ಹಚ್ಚಿಕೊಂಡು ಕೂಗಿತು. ಬೋಲ್ಟು ತೆಗೆದು ಕೆರೆಯ ಮರಳು ತುಂಬಿದೆವು. ಆ ಕರಿ ಮರಳು ಅಯಸ್ಕಾಂತಕ್ಕೆ ಅಂಟುವ ಜಾತಿಯದಂತೆ. ಯಂತ್ರ ಕೂಗುವುದು ಬಿಟ್ಟು ಗೊಣಗತೊಡಗಿತು. ಕೊನೆಗೆ ನನ್ನ ಬಾಲ್ಯದ ಆಸ್ತಿಯಾದ ಗಾಜಿನ ಗೋಲಿಗಳನ್ನೆಲ್ಲ ಅದರ ಹೊಟ್ಟೆಗೆ ಹಾಕಿದೆ. ನಗಬೇಡಿ, ಅದರಲ್ಲಿ ನಿಮ್ಮಿಂದ ಗೆದ್ದ ನೀಲಿ ಗೋಲಿಯೂ ಇದೆ. ಈಗ ಮುಳುಗುತ್ತದೆ, ಸುಮ್ಮನೂ ಇರುತ್ತದೆ.

ಆದರೂ ಏನು ಬಂತು ಭಾಗ್ಯ? ಸೋಡಾ ಮುಚ್ಚಳ, ಕೊಡೆಯ ಕಡ್ಡಿ, ಯಾರದೋ ಚಮಚ, ಮತ್ತೆ ಸೋಡಾ ಮುಚ್ಚಳ. ನಿನ್ನೆ ಹೋದಲ್ಲೆಲ್ಲ ಒಂದೇ ಸಮನೆ ಕೂಗಿತೆಂದು ಅರ್ಧ ಕೆರೆ ಕೆದಕಿದ ಮೇಲೆ ಗೊತ್ತಾಯಿತು, ಪಕ್ಕದಲ್ಲಿ ನಿಂತ ಅಪ್ಪನ ಚಡ್ಡಿ ಜೇಬಿನಲ್ಲಿ ಮನೆಯ ಬೀಗದ ಕೈ ಗೊಂಚಲು! ನನಗೆ ಎಷ್ಟು ರೇಗಿತೆಂದರೆ, ಅಪ್ಪನನ್ನೇ ಅಗೆಯಬೇಕೆನಿಸಿತು. ಕಟ್ಟೆಯ ಮೇಲೆ ನಿಂತ ಬೇಕರಿಯವನು "ಏನಮ್ಮಾ, ನಿಧಿ ಸಿಕ್ತಾ?" ಎಂದು ದಿನಾ ಕೇಳುತ್ತಾನೆ. ಬೆರಳು ನೆನೆದು ಒಣದ್ರಾಕ್ಷಿಯಾಗಿವೆ. ಮಕ್ಕಳು ಟವೆಲ್ ಹೆಗಲಿಗೆ ಹಾಕಿಕೊಂಡು ಬಂದು ಕಾದು ಕಾದು ವಾಪಸು ಹೋಗುತ್ತಾರೆ. ನೀವೋ, ಒಂದು ಸಾಲು ಬರೆಯುವುದಿಲ್ಲ. ನೀವು ಕೂರುತ್ತಿದ್ದ ಕಟ್ಟೆಯ ಮುಂದೆ ಎಲ್ಲ ಜಾಲಾಡಿದ್ದಾಗಿದೆ. ಸಾಕಾಗಿ ಹೋಗಿದೆ, ಅಜ್ಜಾ. ಇವತ್ತು ಕಟ್ಟೆಯ ಹಿಂಬದಿ, ಯಾರೂ ಈಜದ ಪಾಚಿಯ ಮೂಲೆಯೊಂದು ನೋಡಿ, ಯಂತ್ರವನ್ನು ಸಕಲ ಮರ್ಯಾದೆಗಳೊಂದಿಗೆ ಮಾಮನ ಅಟ್ಟಕ್ಕೆ ಹಿಂದಿರುಗಿಸುತ್ತೇನೆ.

ಅತ್ತೆಗೆ ನನ್ನ ನಮಸ್ಕಾರ, ಅವರ ಬೆಕ್ಕಿಗೆ ಆಶೀರ್ವಾದ. ಅಮ್ಮ ಬಿಸಿನೀರನ್ನೇ ಕುಡಿಯಬೇಕೆಂದು ಹೇಳಿದ್ದಾರೆ. ಅಪ್ಪ ಏನೂ ಹೇಳಿಲ್ಲ, ಬೀಗದ ಕೈ ವಿಷಯ ಬರೆಯಬೇಡ ಎಂದಿದ್ದಾರೆ ಅಷ್ಟೇ.

ಇಂತಿ, ದೊಡ್ಡ ಬಾಯಿಗಾಗಿ ನೀವೇ ಹೆಸರಿಟ್ಟ
ನಿಮ್ಮ ತುತ್ತೂರಿ

ಮರೆತ ಮಾತು: ಲಕೋಟೆ ಅಂಟಿಸುವ ಮೊದಲು ಕೆರೆಗೆ ಹೋಗಿ ಬಂದೆ, ಒದ್ದೆ ಕೈಯಲ್ಲೇ ಬರೆಯುತ್ತಿದ್ದೇನೆ. ಸಿಕ್ಕಿತು. ಪಾಚಿಯ ಮೂಲೆಯಲ್ಲಿ. ದಾರ ಕಿತ್ತಿರಲಿಲ್ಲ ಅಜ್ಜಾ. ಬೆಂಡು ಇರಲಿಲ್ಲ, ಅದರ ಜಾಗದಲ್ಲಿ ಒಂದು ಕಲ್ಲು, ನಮ್ಮ ಗಂಟು. ಕೆಸರು ತೊಳೆದು ಊದಿ ನೋಡಿದೆ. ಆಚೆ ಬೀದಿಯ ನಾಯಿಗಳೆಲ್ಲ ಎದ್ದವು. ಸೀಟಿಗೆ ಏನೂ ಆಗಿಲ್ಲ. ಆಮೇಲೆ ಕಟ್ಟೆಯ ಮೇಲೆ ಕೂತಾಗ, ಮೆಟ್ಟಿಲ ನಡುವೆ ನಿಂತು ಸರಿಮಾಡಿಕೊಳ್ಳುವ ನಿಮ್ಮ ಚಪ್ಪಲಿ ನೆನಪಾಯಿತು. ಆ ದಿನ ನೀವು ಊದಿದ್ದಿರಿ, ಅಲ್ಲವೇ? ಉಸಿರು ಸಾಲಲಿಲ್ಲ. ಕಲ್ಲು ಬಿಚ್ಚಿ ನೀರಿಗೆ ಬಿಟ್ಟಿದ್ದೇನೆ. ದಾರ ಕೊಳೆತು ಕಿತ್ತಿತ್ತು ಎಂದು ಅಪ್ಪನಿಗೆ ಹೇಳಿದೆ. ಅದನ್ನು ನಂಬಿ, "ನಾನು ಆಗ್ಲೇ ಹೇಳಿದ್ದೆ ನೋಡು" ಎಂದು ಬೀಗುತ್ತಿದ್ದಾರೆ. ನೀವು ಬಂದು ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರೆ ಸಾಕು. ಯಾರಾದರೂ ಹಗ್ಗದ ಹತ್ತಿರ ಹೋದರೆ ನನ್ನ ಬೆನ್ನಿಗೆ ಒಂದು ತಟ್ಟು ತಟ್ಟಿ; ಊದುವುದು ನಾನು. ಇಷ್ಟು ದಿನ ಎಲ್ಲರ ಕೈಲೂ ಬೈಸಿಕೊಂಡ ಬಾಯಿ ಇದು, ಒಂದು ಕೆಲಸಕ್ಕಾದರೂ ಬರಲಿ. ಹೊಸ ಬೆಂಡು ತಂದಿಟ್ಟಿದ್ದೇನೆ. ಗಂಟು ನನಗೂ ಬರುತ್ತದೆ, ಆದರೂ ಕಟ್ಟಿಲ್ಲ. ಅದನ್ನು ನೀವೇ ಬಂದು ಕಟ್ಟಬೇಕು.