ಮೂರು ಗೋಲು ಬಿದ್ದ ಮ್ಯಾಲೆ

ಶಿವಯೋಗೀಶ,

ಫೋನ್ ಇಲ್ಲೇ ಒಗದು ಹೋಗೀಯಲ್ಲ, ಅದಕ್ಕ ಬರದಿಟ್ಟೇನಿ. ನಿನ್ನ ಸ್ಕಾಟ್ಲೆಂಡಿನ ಫುಟ್‌ಬಾಲ್ ಟೀಮು ಗೆದ್ದೈತಿ! ಖರೇನ ಹೇಳಾಕತ್ತೇನಿ.

ಅರ್ಧ ಆಟಕ್ಕ ಮೂರು ಗೋಲು ಹೊಡಿಸಿಕೊಂಡ್ರಂತ ನೀ ಸಿಟ್ಟಿಲೆ ಎದ್ದು ಹೋದಿ. ನಾ ಧಾರಾವಾಹಿ ಹಚ್ಚಾಕಂತ ರಿಮೋಟ್ ತಗೊಂಡೆ, ಅಷ್ಟರಾಗ ನಿನ್ನವರು ಒಂದು ಗೋಲು ಹೊಡದ್ರು. ನನಗ ಏನನ್ನಿಸ್ತೋ ಏನೋ, ಟೀವಿಗೆ ವಿಭೂತಿ ಹಚ್ಚಿ ಕುಂತೆ. ಮತ್ತ ಮೂರು ಹೊಡದ್ರಪಾ!

ಆಟ ನೋಡೂದ್ರಾಗ ಒಲಿ ಮ್ಯಾಲಿನ ಝುಣಕ ಹೊತ್ತೈತಿ, ಸುಮ್ನ ಉಣ್ಣು. ರೊಟ್ಟಿ ಡಬ್ಬಿಯೊಳಗ ಅದಾವು. ಟೀವಿ ಮ್ಯಾಲಿನ ವಿಭೂತಿ ಒರಸಬ್ಯಾಡ.

ಬಸವಣ್ಣನ ಗುಡಿಗೆ ಕಾಯಿ ಒಡಸಾಕ ಹೊಂಟೇನಿ. ಆರು ವರ್ಷ ನೀ ಟೀವಿ ಎದುರಿಗೆ ಕುಂತು ನೋಡಿದ್ದಕ್ಕ ಅವರು ಸೋತಾರ, ಅದ ತಪ್ಪಾಗೈತಿ. ಮುಂದಿನ ಶನಿವಾರ ನಾ ನೋಡ್ತೇನಿ, ನೀ ಮನ್ಯಾಗ ಇರಬ್ಯಾಡ.

ಅವ್ವ