ಹಿಂದಿನ ಕೋಣೆಯ ಮೂರು ದಿನ

೧೪-೬-೧೯೫೮, ಶನಿವಾರ. ಯಲ್ಲಾಪುರ

ಹೊಟ್ಟೆಗೆ ಶಾಖ ಕೊಡುವ ಇಟ್ಟಿಗೆಯನ್ನು ಎರಡನೇ ಸಲ ಒಲೆಗಿಟ್ಟಿದ್ದೇನೆ. ಕಾಯುವ ತನಕ ಬರೆಯುವುದು. ಮುಂಜಾನೆಯ ಶಾಲೆ ಹೇಗೋ ಮುಗಿಯಿತು. ಮೂರನೇ ಇಯತ್ತೆ, ನಲವತ್ತೆರಡು ಹುಡುಗಿಯರು, ಭಾಗಾಕಾರ. ಮೇಜು ಹಿಡಿದುಕೊಂಡೇ ನಿಂತಿದ್ದೆ. ಮನೆಗೆ ಬಂದವಳೇ ಒಂದು ತಾಸು ಬಚ್ಚಲಿನಲ್ಲಿ ಕುಕ್ಕರಗಾಲು.

ಈ ತಿಂಗಳ ನೋವಿಗೆ ಗುಳಿಗೆ ಇಲ್ಲ. ಹುಬ್ಬಳ್ಳಿಯ ಡಾಕ್ಟರಮ್ಮ ಕೊಟ್ಟದ್ದನ್ನು ನುಂಗಿದರೆ ಮೋರೆ ಊದಿ ಕಣ್ಣೇ ಮುಚ್ಚಿಹೋಗುತ್ತಿತ್ತು. ಬೇರೆ ಗುಳಿಗೆಗೂ ಅದೇ ಕಥೆ. ಬಿಟ್ಟುಬಿಡು ಎಂದರು. ಗರ್ಭಕೋಶದ ಒಳಪದರ ಹೊರಗೂ ಬೆಳೆದಿರಬೇಕು, ಹೊಟ್ಟೆ ಕೊಯ್ದು ನೋಡದೆ ಖಾತ್ರಿ ಹೇಳಲಾರೆ ಎಂದರು. ಉದ್ದದ ಇಂಗ್ಲಿಷ್ ಹೆಸರೊಂದನ್ನು ಹೇಳಿದರು. ಬರೆಸಿಕೊಳ್ಳಬೇಕಿತ್ತು. ಹೆಸರು ಗೊತ್ತಿದ್ದರೆ ಬೈಯಲಿಕ್ಕಾದರೂ ಆಗುತ್ತಿತ್ತು.

ಸಂಜೆ ಬಾವಿಕಟ್ಟೆಗೆ ಹೋದೆ. ಮನೆಯೊಡತಿ ಸೀತಮ್ಮ ತಡೆದರು. ನನ್ನ ಮುಖ ನೋಡಿಯೇ ಗೊತ್ತಾಗಿರಬೇಕು.

"ಬಾವಿ ಮುಟ್ಟಡ ಕೂಸೇ. ನೀರು ಆನು ತಂದಿಡ್ತೆ."

ಲಿಂಗ ಕಟ್ಟಿಕೊಂಡವರಿಗೆ ಈ ಮೈಲಿಗೆ ಇಲ್ಲ ಎಂದೆ. ಸ್ವಲ್ಪ ಜಂಬದಿಂದಲೇ ಎಂದೆ. ಅವರು ಎರಡು ಕೊಡ ಸೇದಿ ಬಾಗಿಲಲ್ಲಿಟ್ಟು ಹೋದರು. ಸಿಟ್ಟು ಬಂತು. ಆದರೆ ಕೊಡ ಎತ್ತುವ ತ್ರಾಣ ನನಗೆಲ್ಲಿತ್ತು... ಅದೇ ನೀರಲ್ಲಿ ಅನ್ನ ಮಾಡಿಕೊಂಡೆ.

೧೨-೭-೧೯೫೮, ಶನಿವಾರ

ತರಗತಿಯಲ್ಲೇ ಕಣ್ಣು ಕತ್ತಲೆ ಬಂದು ಬಿದ್ದೆ. ಹುಡುಗಿಯರು ಹೋ ಎಂದು ಅತ್ತರಂತೆ. ಹೆಡ್‌ಮಾಸ್ತರ್ ಶಾಂತಾರಾಮರು ಜಟಕಾ ತರಿಸಿದರು. ಹತ್ತುವ ಮುಂಚೆ ಮೆಲ್ಲಗೆ ಹೇಳಿದರು.

"ಅಕ್ಕೋರೇ, ಬಂದಾಗಿನಿಂದ ಪ್ರತಿ ತಿಂಗಳೂ ಎರಡು ದಿನ ರಜೆ. ಈ ಹಾಜರಿ ಇಟ್ಕೊಂಡು ನಿಮ್ಮನ್ನ ಖಾಯಂ ಮಾಡಿ ಅಂತ ನಾನು ಹ್ಯಾಗೆ ಬರೀಲಿ?"

ಕೆಟ್ಟವರಲ್ಲ. ಇದ್ದದ್ದನ್ನು ಹೇಳಿದರು. ಖಾಯಂ ಆಗದಿದ್ದರೆ ಬನವಾಸಿ ಕಡೆಯ ನಮ್ಮ ಹಳ್ಳಿಗೆ ವಾಪಸು. ವಾಪಸೆಂದರೆ ಮದುವೆ, ಹದಿನೈದು ಜನರ ರೊಟ್ಟಿ. ನನಗೆ ಈ ಶಾಲೆ ಬೇಕು. ದೇವರ ಹತ್ತಿರ ಬೇರೇನನ್ನೂ ಕೇಳಿಕೊಂಡವಳಲ್ಲ.

ಮನೆಗೆ ಬಂದು ಹೇಳಿದ್ದನ್ನು ಸೀತಮ್ಮ ಅಂಗಳದಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ಅವರ ಮನೆಯ ಹೆಂಗಸರು ಹೊರಗಾದಾಗ ಕೂರುವ ಹಿಂದಿನ ಕೋಣೆ ನಾಲ್ಕು ವರ್ಷದಿಂದ ಖಾಲಿ. ಅವರದ್ದು ನಿಂತುಹೋಗಿದೆ, ಹೆಣ್ಣುಮಕ್ಕಳು ಗಂಡನ ಮನೆ ಸೇರಿದ್ದಾರೆ.

"ಆ ಕೋಣೆಲಿ ಮೂರು ದಿನ ಇರು. ಶಾಲೆಗೆ ಹೋಗು, ಬೇಡ ಹೇಳ್ತ್ನಿಲ್ಲೆ. ಬಂದ್ಮೇಲೆ ಅಡಿಗೆ ಇಲ್ಲೆ, ನೀರು ಇಲ್ಲೆ, ಕಸ ಇಲ್ಲೆ. ಚಾಪೆ ಮೇಲೆ ಸುಮ್ಮನೆ ಮನಿಕ್ಯ."

ಒಪ್ಪಿದೆ. ಶಾಸ್ತ್ರಕ್ಕಲ್ಲ, ಚಾಪೆಯ ಆಸೆಗೆ. ಅವ್ವನಿಗೆ ಗೊತ್ತಾದರೆ ಸಿಗಿದು ಹಾಕುತ್ತಾಳೆ.

೧೫-೭-೧೯೫೮

ಸೋಮವಾರ ಶಾಲೆಗೆ ಹೋದೆ! ಎರಡನೇ ದಿನ ಕಳೆದು ಮೂರನೆಯದಕ್ಕೆ ನಿಲ್ಲುವಷ್ಟು ಕಾಲು ಬಂದಿದ್ದು ಇದೇ ಮೊದಲು. ಬಾಗಿಲಿಗೆ ಬಿಸಿ ಅನ್ನ, ತಂಬುಳಿ. ಹೊಟ್ಟೆಗಿಡಲು ಕಾದ ಉಪ್ಪಿನ ಗಂಟು, ತಣ್ಣಗಾಗುವಷ್ಟರಲ್ಲಿ ಇನ್ನೊಂದು. ಮುಂಜಾನೆ ಲಿಂಗಪೂಜೆ ಆ ಕೋಣೆಯಲ್ಲೇ ಮಾಡಿಕೊಂಡೆ. ಸೀತಮ್ಮ ಕಂಡೂ ಕಾಣದ ಹಾಗೆ ಹೋದರು. ಅವರ ಪ್ರಕಾರ ಅದು ಆಗಬಾರದು, ನನ್ನ ಪ್ರಕಾರ ಬಿಡಬಾರದು. ಜಗಳವೇ ಆಗಲಿಲ್ಲ.

೮-೧೦-೧೯೫೮

ಮೂರು ತಿಂಗಳು, ಒಂದೂ ರಜೆ ಇಲ್ಲ. ಶಾಂತಾರಾಮ ಮಾಸ್ತರರು ಹಾಜರಿ ಪುಸ್ತಕ ತಿರುವಿ "ಬೇಷ್" ಎಂದರು.

ನೋವು ಹೋಗಿಲ್ಲ. ಅದು ತನ್ನ ಪಾಡಿಗೆ ಬರುತ್ತದೆ. ಆದರೆ ನಾನು ಕಲಿತಿದ್ದೇನೆ. ಎಡಮಗ್ಗುಲು, ಮೊಣಕಾಲ ನಡುವೆ ದಿಂಬು. ಉಸಿರು ಬಿಡುವಾಗ ಹದಿಮೂರರ ಮಗ್ಗಿ, ಹದಿನೇಳರದ್ದು ಬೇಡ, ತಪ್ಪಿದರೆ ಮೊದಲಿನಿಂದ ಹೇಳಬೇಕಾಗುತ್ತದೆ. ಇಟ್ಟಿಗೆಗಿಂತ ಉಪ್ಪು ಮೇಲು. ಸಂಜೆ ಅಂಗಳದಲ್ಲಿ ಹತ್ತು ಸುತ್ತು ನಿಧಾನ ನಡಿಗೆ... ಎಲ್ಲಕ್ಕಿಂತ ಮೇಲು, ಬಿಸಿ ಅನ್ನ ಮಾಡಿ ಬಡಿಸುವ ಇನ್ನೊಬ್ಬರ ಕೈ. ಈ ಮನೆ ಸಿಕ್ಕಿದ್ದು ನನ್ನ ಪುಣ್ಯ.

೩೦-೧೧-೧೯೫೮, ಭಾನುವಾರ, ಸಂಜೆ ೬

ನಾಳೆ ಇನ್ಸ್‌ಪೆಕ್ಟರ್ ಸಾಹೇಬರ ತಪಾಸಣೆ. ಖಾಯಮ್ಮಿನ ಮಾತು ಅವರ ಕೈಯಲ್ಲಿದೆ. ಇವತ್ತೇ ಇದು — ಇಷ್ಟು ಕೆಟ್ಟದಾಗಿ ಯಾವತ್ತೂ ಆಗಿರಲಿಲ್ಲ. ಸೊಂಟದಿಂದ ತೊಡೆಯ ತನಕ ಗರಗಸ ಎಳೆದ ಹಾಗೆ. ಮಗ್ಗಿ ಮರೆಯಿತು. ಗೋಡೆಗೆ ಹಣೆ ಕೊಟ್ಟು ಅತ್ತೆ.

ಸೀತಮ್ಮ ಹೊಸ್ತಿಲಾಚೆ ನಿಂತು "ಎಂತ ಆತು ಕೂಸೇ" ಎಂದು ಎರಡು ಸಲ ಕೇಳಿದರು. ಆಮೇಲೆ ಕೇಳಲಿಲ್ಲ. ಸೆರಗು ಸಿಕ್ಕಿಸಿ ಒಳಗೇ ಬಂದರು. ನನ್ನನ್ನು ಬೋರಲು ಮಲಗಿಸಿ ಎರಡೂ ಹೆಬ್ಬೆರಳಿನಿಂದ ಸೊಂಟ ಒತ್ತಿದರು. ನಾನು ಗಾಬರಿಯಾದೆ.

"ಮುಟ್ಟಿದ್ರಲ್ಲ ನೀವು..."

"ಮಿಂದ್ರೆ ಆತು. ಅಳಡ."

ಅರ್ಧ ತಾಸು ಒತ್ತಿದರು. ಆಮೇಲೆ ಈ ಚಳಿಯಲ್ಲಿ, ಉಟ್ಟ ಸೀರೆಯಲ್ಲೇ, ಬಾವಿಯ ತಣ್ಣೀರು ಸುರಿದುಕೊಳ್ಳುವ ಸದ್ದು ಕೇಳಿತು. ಮಿಂದು ಅಡಿಗೆ ಮನೆ ಹೊಕ್ಕರು. ಸೀನುತ್ತಿದ್ದಾರೆ.

೧-೧೨-೧೯೫೮

ಮುಂಜಾನೆ ಇನ್ನೊಮ್ಮೆ ಒತ್ತಿದರು, ಇನ್ನೊಮ್ಮೆ ಮಿಂದರು. ಐವತ್ತು ದಾಟಿದ ಜೀವ. ಬೇಡ ಎಂದರೆ ಕೇಳುವುದಿಲ್ಲ.

ಶಾಲೆಗೆ ಹೋದೆ, ನಿಲ್ಲಲು ಆಗಲಿಲ್ಲ. ಹುಡುಗಿಯರನ್ನು ದುಂಡಗೆ ಕೂರಿಸಿ ನಾನೂ ನೆಲಕ್ಕೆ ಕೂತೆ. ನಡುವೆ ಹುಣಸೆಬೀಜ ಸುರಿದು ಭಾಗಾಕಾರ ಮಾಡಿಸಿದೆ. ಸಾಹೇಬರು ಬಂದರು. ಏಳಲಿಕ್ಕೆ ಹೋದರೆ ಕೂತಿರಿ ಎಂದು ಕೈ ಮಾಡಿದರು. ತೊಂಬತ್ತೊಂದು ಬೀಜ ಏಳು ಜನಕ್ಕೆ ಹಂಚಿ ಎಂದರು. ಹಂಚಿದರು, ನನ್ನ ಬಂಗಾರದ ಹುಡುಗಿಯರು. ಸಾಹೇಬರು ಬಗ್ಗಿ ಎಣಿಸಿಯೂ ನೋಡಿದರು. "ನೆಲದ ಮೇಲೆ ಮಕ್ಕಳೊಡನೆ ಕುಳಿತು ಕಲಿಸುವ ಹೊಸ ಪದ್ಧತಿ, ಶ್ಲಾಘನೀಯ" ಎಂದು ಷರಾ ಬರೆದರು. ಖಾಯಂ ಮಾಡಲು ಅಡ್ಡಿಯಿಲ್ಲವಂತೆ. ಸೀತಮ್ಮನಿಗೆ ಹೇಳಿದೆ. ಮೂಗು ಕೆಂಪಗಾಗಿತ್ತು, ಕಷಾಯ ಕುಡಿಯುತ್ತ ನಕ್ಕರು.

೨೪-೧-೧೯೫೯, ಶನಿವಾರ

ಅವ್ವ ಬಂದಿದ್ದಾಳೆ. ಹೇಳದೆ ಕೇಳದೆ, ಮಧ್ಯಾಹ್ನದ ಬಸ್ಸಿಗೆ. ನಾನು ಹಿಂದಿನ ಕೋಣೆಯಲ್ಲಿ, ಉಪ್ಪಿನ ಗಂಟು ಹೊಟ್ಟೆಗಿಟ್ಟುಕೊಂಡು. ನೋಡಿದವಳೇ ಕೆರಳಿದಳು.

"ಲಿಂಗಾ ಕಟ್ಟಿದ ಮೈಗೆ ಮೈಲಿಗಿ ಎಲ್ಲಿಂದ ಬಂತು? ನನ್ನ ಮಗಳಾಗಿ ಮೂಲ್ಯಾಗ ಕುಂತೀಯಲ್ಲ. ಇದಕ್ಕ ನೌಕರಿ ಬೇಕಾಗಿತ್ತೇನು?"

ಹಾವೇರಿ ಕಡೆಯ ಗಂಡು ನೋಡಿದ್ದಾರಂತೆ. ಸೋಮವಾರದ ಬಸ್ಸಿಗೆ ಹೊರಡಬೇಕಂತೆ, ಟ್ರಂಕು ಕಟ್ಟು ಎಂದಳು. ಖಾಯಂ ಆದ ಹುಕುಂ ತೋರಿಸಿದೆ. ಮಡಚಿ ವಾಪಸು ಕೊಟ್ಟಳು. ಸೀತಮ್ಮ ನನಗಾಗಿ ಚಳಿಯಲ್ಲಿ ಮಿಂದದ್ದನ್ನು ಹೇಳಿದೆ. ಅದನ್ನು ಕೇಳಿ ಮಾತ್ರ ಬಾವಿಕಟ್ಟೆಯ ಕಡೆ ಒಮ್ಮೆ ತಿರುಗಿ ನೋಡಿದಳು. ಅಪ್ಪ ಅವಳ ಮಾತು ಮೀರುವುದಿಲ್ಲ, ಇವಳು ಹೂಂ ಎಂದರೆ ಉಳಿದೆ, ಇಲ್ಲದಿದ್ದರೆ ಇಲ್ಲ. ಸೋಮವಾರ ಶಾಲೆಯಲ್ಲಿ ಝೆಂಡಾವಂದನೆ. ಹುಡುಗಿಯರಿಗೆ ಹಾಡು ಕಲಿಸಿದ್ದೇನೆ.

೨೫-೧-೧೯೫೯, ಮಧ್ಯಾಹ್ನ

ಬೆಳಿಗ್ಗೆ ಅವ್ವ ನನ್ನ ಸೀರೆ ಒಗೆಯುತ್ತಿದ್ದಳು. ಬಾಗಿಲಲ್ಲಿ ಕೂತು ನೋಡುತ್ತಿದ್ದೆ. ಒಗೆಯುವ ಕಲ್ಲಿಗೆ ಎರಡೂ ಕೈ ಊರಿ ನಿಂತುಬಿಟ್ಟಳು. ಸೆರಗಿನ ತುದಿ ಹಲ್ಲಲ್ಲಿ. ಒಂದು ಕಾಲು ಎತ್ತಿ ಇನ್ನೊಂದರ ಮೇಲೆ. ನಾನು ಹಾಗೇ ನಿಲ್ಲುವುದು. ಥೇಟ್ ಹಾಗೇ.

"ಅವ್ವಾ, ನಿನಗೂನಾ?"

"ಬಿಡು. ನಿನ್ನ ಹಡೆಯೂಕ್ಕಿಂತ ಮದ್ಲಿಂದೈತಿ. ಯಾರಿಗ ಹೇಳಲಿ? ರೊಟ್ಟಿ ಬಡೀಬೇಕಿತ್ತು, ಬಡದೆ."

ನಲವತ್ತೊಂದು ವರ್ಷ ಅವಳಿಗೆ. ಇಪ್ಪತ್ತೊಂದು ವರ್ಷ ಜೊತೆಗಿದ್ದು ನಾನು ಒಂದು ದಿನವೂ ಕಾಣಲಿಲ್ಲ. ನಾಚಿಕೆಯಾಯಿತು.

ಸೀತಮ್ಮ ಬಂದು ಒಂದು ಸಲ ನೋಡಿದರು, ಒಳಗೆ ಹೋಗಿ ಇನ್ನೊಂದು ಚಾಪೆ ತಂದು ನನ್ನದರ ಪಕ್ಕ ಎಸೆದರು. ಇನ್ನೊಂದು ಗಂಟು ಉಪ್ಪು.

"ನಾ ಮಲಗಾಕ ಬಂದಿಲ್ರೀ" ಅವ್ವ.

"ಬಂದಿದ್ದು ಎಂತಕ್ಕಾದ್ರೂ ಇರ್ಲಿ. ಈಗ ಮಲಗಿ."

ಮಲಗಿದಳು. ಮೊದಲು ಕೋಲಿನ ಹಾಗೆ, ಆಮೇಲೆ ಮಗ್ಗುಲಾಗಿ. ಮೊಣಕಾಲ ನಡುವೆ ನನ್ನ ದಿಂಬು ಕೊಟ್ಟೆ. ಸೊಂಟ ಒತ್ತಿದೆ, ಸೀತಮ್ಮ ನನಗೆ ಒತ್ತಿದ ಹಾಗೆ. ಎಲ್ಲಿ ಒತ್ತಬೇಕೆಂದು ಕೇಳುವ ಅಗತ್ಯವೇ ಬರಲಿಲ್ಲ.

"ಮೂರೂ ದಿನ ಯಾರೂ ಕರ್ಯಾಂಗಿಲ್ಲೇನು?"

"ಇಲ್ಲವ್ವಾ."

ಊಟ ಬಾಗಿಲಿಗೆ ಬಂತು. ಬೇರೆಯವರು ಬೇಯಿಸಿದ್ದನ್ನು ಅವ್ವ ಕೂತು ಉಂಡದ್ದು ನಾನು ನೋಡಿರಲೇ ಇಲ್ಲ. ಮೆಲ್ಲಗೆ ಉಂಡಳು. ಕೈ ತೊಳೆದು ಹೇಳಿದಳು, "ಹಾವೇರಿಯವರಿಗೆ ಬ್ಯಾಡಂತ ನಾ ಹೇಳ್ತೀನಿ. ನೌಕರಿ ಬಿಡಬ್ಯಾಡ."

ಅವಳು ನಿದ್ದೆ ಹೋಗಲೆಂದು ಕಾದು ಇಷ್ಟು ಬರೆದೆ. ನಿದ್ದೆ ಬಂದಿಲ್ಲ. ಈಗಷ್ಟೇ, ಗೋಡೆಗೆ ಮುಖ ಮಾಡಿಕೊಂಡೇ ಕೇಳಿದಳು —

"ಶಾಂತಾ, ಮುಂದಿನ ತಿಂಗಳ ನಾನೂ ಬರ್ಲೇನು?"

ಬಾ ಎಂದೆ. ಬಾ ಅವ್ವಾ, ಪ್ರತಿ ತಿಂಗಳೂ... ಅಕ್ಷರ ಕಾಣಿಸುತ್ತಿಲ್ಲ, ಕಣ್ಣು